ಒಣಗಿದ ಗಿಡವನ್ನು ಕೀಳುವ ಮುನ್ನ

ದಾಸವಾಳದ ಹೂವನ್ನು ನೀವು ವಿಜ್ಞಾನದ ತರಗತಿಯಲ್ಲಿ ಬಿಡಿಸಿ ನೋಡಿರುತ್ತೀರಿ. ಪುಷ್ಪಪತ್ರ, ದಳ, ಕೇಸರ, ಶಲಾಕೆಗಳನ್ನು ಗುರುತಿಸಿ ಚಿತ್ರ ಬರೆದಿರುತ್ತೀರಿ. ಆ ಹೂ ಬಿಡುವ ಗಿಡ ನಮ್ಮಲ್ಲಿ ಎಷ್ಟೋ ಮನೆಗಳ ಹಿತ್ತಲಿನಲ್ಲಿದೆ. ಬುಡದಿಂದಲೇ ಹಲವು ಕೊಂಬೆಗಳಾಗಿ ಒಡೆದು, ಗಟ್ಟಿ ಕಾಂಡವಿದ್ದು, ಮರದಷ್ಟು ಎತ್ತರಕ್ಕೆ ಬೆಳೆಯದ ಇಂಥ ಸಸ್ಯಗಳನ್ನು ಪೊದೆಗಿಡಗಳು ಎನ್ನುತ್ತೇವೆ. ಗುಲಾಬಿ, ನಂದಿಬಟ್ಟಲು, ಕಣಗಿಲೆ ಇವೂ ಪೊದೆಗಿಡಗಳೇ.

ಒಂದು ದಿನ ನಿಮ್ಮ ಮನೆಯ ದಾಸವಾಳ ಎಲೆಯೆಲ್ಲ ಉದುರಿಸಿ ಕಡ್ಡಿಯಂತೆ ನಿಂತಿತು ಎಂದುಕೊಳ್ಳಿ. ಸಾಮಾನ್ಯವಾಗಿ ಏನಾಗುತ್ತದೆ? ಗಿಡವನ್ನು ಕಿತ್ತು ಬೇಲಿಯಾಚೆ ಎಸೆಯುತ್ತಾರೆ. ಸಂತೆಯಿಂದ ಇನ್ನೊಂದು ಸಸಿ ತಂದು ಅದೇ ಗುಂಡಿಯಲ್ಲಿ ನೆಡುತ್ತಾರೆ. ಕೆಲವು ತಿಂಗಳಿಗೆ ಅದೂ ಒಣಗುತ್ತದೆ. ಆಗ "ಈ ಜಾಗಕ್ಕೆ ಗಿಡ ಆಗಿಬರುವುದಿಲ್ಲ" ಎಂದೋ, "ಯಾರದೋ ದೃಷ್ಟಿ ತಾಕಿದೆ" ಎಂದೋ ಹೇಳಿ ಸುಮ್ಮನಾಗುತ್ತಾರೆ.

ನಿಜವಾದ ಕಾರಣ ಬೇರೆ ಇರಬಹುದು. ಮೊದಲ ಗಿಡವನ್ನು ಕೊಂದದ್ದು ಹಲವು ಸಲ ಆ ಗುಂಡಿಯಲ್ಲೇ ಉಳಿದಿರುತ್ತದೆ. ಅದು ನಿಂತ ನೀರಾಗಿರಬಹುದು, ರೋಗ ತರುವ ಶಿಲೀಂಧ್ರವಾಗಿರಬಹುದು, ಮಣ್ಣಿನೊಳಗಿನ ಸುಣ್ಣಗಾರೆಯಾಗಿರಬಹುದು. ಅದನ್ನು ಪತ್ತೆ ಮಾಡದೆ ಹೊಸ ಸಸಿ ನೆಟ್ಟರೆ ಅದಕ್ಕೂ ಅದೇ ಗತಿ. ಆದ್ದರಿಂದ ಒಣಗಿದ ಗಿಡವನ್ನು ಎಸೆಯುವ ಮೊದಲು ಅದನ್ನು ಪರೀಕ್ಷಿಸಬೇಕು. ಹೇಗೆಂದು ನೋಡೋಣ ಬನ್ನಿ.

ಗಿಡ ನಿಜವಾಗಿ ಸತ್ತಿದೆಯೆ?

ಎಲೆ ಉದುರಿದ ಮಾತ್ರಕ್ಕೆ ಗಿಡ ಸತ್ತಿದೆ ಎನ್ನಲಾಗದು. ನೀರು ಸಾಲದಿದ್ದಾಗ ಕೆಲವು ಗಿಡಗಳು ಎಲೆ ಉದುರಿಸುತ್ತವೆ. ಎಲೆಗಳ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತದೆ ಎಂಬುದು ನಿಮಗೆ ಗೊತ್ತು. ಎಲೆಗಳೇ ಇಲ್ಲದಿದ್ದರೆ ಆ ನಷ್ಟ ಬಹಳ ಕಡಿಮೆಯಾಗುತ್ತದೆ. ಇದು ಗಿಡ ಬದುಕಿ ಉಳಿಯುವ ಉಪಾಯ.

ಗಿಡದಲ್ಲಿ ಜೀವವಿದೆಯೆ ಎಂದು ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ.

ಬಾಗಿಸುವ ಪರೀಕ್ಷೆ: ಪೆನ್ಸಿಲ್‌ಗಿಂತ ತೆಳುವಾದ ಒಂದು ಕಡ್ಡಿಯನ್ನು ನಿಧಾನವಾಗಿ ಬಾಗಿಸಿ. ಜೀವವಿರುವ ಕಡ್ಡಿ ಬಳುಕುತ್ತದೆ. ಸತ್ತದ್ದು 'ಲಟ್' ಎಂದು ಮುರಿಯುತ್ತದೆ.

ಕೆರೆಯುವ ಪರೀಕ್ಷೆ: ಕೊಂಬೆಯ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪವೇ ಕೆರೆಯಿರಿ. ಒಳಗೆ ತೇವವಾದ ಹಸಿರು ಪದರ ಕಂಡರೆ ಆ ಭಾಗ ಬದುಕಿದೆ. ಕಂದು ಬಣ್ಣವಿದ್ದು ಒಣಗಿದ್ದರೆ ಆ ಭಾಗ ಸತ್ತಿದೆ. ಒಂದೇ ಕಡೆ ನೋಡಿ ತೀರ್ಮಾನಿಸಬೇಡಿ. ತುದಿಯಿಂದ ಆರಂಭಿಸಿ ಕೆಳಗೆ ಬರುತ್ತಾ ಬುಡದವರೆಗೂ ನಾಲ್ಕಾರು ಕಡೆ ಕೆರೆದು ನೋಡಿ.

ಬುಡದ ಹತ್ತಿರ ಹಸಿರಿದ್ದರೆ ಗಿಡವನ್ನು ಕೀಳಬೇಡಿ. ಸತ್ತ ಭಾಗವನ್ನಷ್ಟೇ ಕತ್ತರಿಸಿ ಒಂದು ತಿಂಗಳು ಕಾಯಿರಿ. ಕಾಂಡದಲ್ಲಿ ನಿದ್ರಿಸುತ್ತಿರುವ ಮೊಗ್ಗುಗಳು ಚಿಗುರಬಹುದು. ಬೇರು ಕೊಳೆತು, ಮೇಲೆ ಒಂದೆರಡು ಕೊಂಬೆ ಮಾತ್ರ ಹಸಿರಾಗಿದ್ದರೆ ಆ ಕೊಂಬೆಯಿಂದಲೇ ಹೊಸ ಗಿಡ ಮಾಡಬಹುದು. ಸುಮಾರು 15 ಸೆಂ.ಮೀ. ಉದ್ದದ ತುಂಡನ್ನು ಕತ್ತರಿಸಿ, ಎರಡು ಗೆಣ್ಣುಗಳು ಮಣ್ಣಿನೊಳಗೆ ಹೋಗುವಂತೆ ಕುಂಡದಲ್ಲಿ ನೆಟ್ಟು ನೆರಳಿನಲ್ಲಿಡಿ. ಹೀಗೆ ಬೆಳೆದ ಗಿಡ ಎಲ್ಲ ಗುಣಗಳಲ್ಲೂ ತಾಯಿಗಿಡದಂತೆಯೇ ಇರುತ್ತದೆ. ಅಜ್ಜಿ ನೆಟ್ಟ ದಾಸವಾಳದ ಅದೇ ಬಣ್ಣದ ಹೂ ಮತ್ತೆ ನಿಮ್ಮ ಮನೆಯಲ್ಲಿ ಅರಳುತ್ತದೆ.

ಕೀಳುವುದು ಹೇಗೆ?

ಇಡೀ ಗಿಡ ಸತ್ತಿರುವುದು ಖಚಿತವಾದರೆ ಕೀಳಲೇಬೇಕು. ಹಿಂದಿನ ದಿನ ಬುಡಕ್ಕೆ ನೀರು ಹಾಕಿ. ಮಣ್ಣು ಸಡಿಲವಾಗಿ ಕೆಲಸ ಹಗುರವಾಗುತ್ತದೆ. ಗಿಡದಲ್ಲಿ ಹಕ್ಕಿಗೂಡು ಇದೆಯೆ ನೋಡಿ. ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದ್ದರೆ ಮರಿಗಳು ಹಾರುವವರೆಗೆ ಕೆಲಸವನ್ನು ಮುಂದೂಡಿ. ನಲ್ಲಿಯ ಪೈಪು ಅಥವಾ ವಿದ್ಯುತ್ ತಂತಿ ಆ ಜಾಗದಲ್ಲಿ ಹೋಗಿದೆಯೆ ಎಂದು ಮನೆಯ ಹಿರಿಯರನ್ನು ಕೇಳಿ.

ಮೊದಲು ಪಕ್ಕದ ಕೊಂಬೆಗಳನ್ನೆಲ್ಲ ಕತ್ತರಿಸಬೇಕು. ಆದರೆ ಮುಖ್ಯ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಬಾರದು. ಸುಮಾರು 3 ಅಡಿ ಉಳಿಸಿಕೊಳ್ಳಬೇಕು. ಏಕೆ ಗೊತ್ತೆ? ಸರಳ ಯಂತ್ರಗಳ ಪಾಠದ ಸನ್ನೆಯನ್ನು ನೆನಪಿಸಿಕೊಳ್ಳಿ. ಸನ್ನೆಯ ತೋಳು ಉದ್ದವಾದಷ್ಟೂ ಕಡಿಮೆ ಬಲ ಸಾಕು. ಉಳಿಸಿಕೊಂಡ ಕಾಂಡವೇ ಇಲ್ಲಿ ಸನ್ನೆ.

ಬುಡದಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿ ಸುತ್ತಲೂ ಗುದ್ದಲಿಯಿಂದ ಅಗೆದು ಕಾಲುವೆ ಮಾಡಬೇಕು. ಕಾಣುವ ಬೇರುಗಳನ್ನು ಕತ್ತರಿಸಬೇಕು. ಆಮೇಲೆ ಕಾಂಡವನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿ, ಹಾರೆಯಿಂದ ಮೀಟಿದರೆ ಗಿಡ ಬೇರಿನ ಮಣ್ಣಿನ ಸಮೇತ ಮೇಲೆ ಬರುತ್ತದೆ.

ಎಚ್ಚರಿಕೆ: ಹಾರೆ, ಕೊಡಲಿ, ಮಚ್ಚುಗಳನ್ನು ದೊಡ್ಡವರೇ ಬಳಸಲಿ. ನೀವು ದೂರ ನಿಂತು ನೋಡಿ. ಒಣಗಿದ ಪೊದೆಯ ಬುಡದಲ್ಲಿ ಚೇಳು, ಹಾವು ಇರುವುದುಂಟು. ಕಾಲಿಗೆ ಚಪ್ಪಲಿ ಅಥವಾ ಬೂಟು ಇರಲಿ. ಗುಂಡಿಗಾಗಲಿ ಪೊದೆಯೊಳಗಾಗಲಿ ನೇರವಾಗಿ ಕೈ ಹಾಕಬೇಡಿ.

ಬೇರು ಏನು ಹೇಳುತ್ತದೆ?

ಈಗ ಪತ್ತೇದಾರಿ ಕೆಲಸ. ಬೇರಿನ ಮಣ್ಣನ್ನು ನೀರಿನಿಂದ ನಿಧಾನವಾಗಿ ತೊಳೆದು, ಬೆಳಕಿನಲ್ಲಿಟ್ಟು ನೋಡಿ. ಬೇರು, ಬುಡ, ತೊಗಟೆ ಮೂರನ್ನೂ ಪರೀಕ್ಷಿಸಿ.

1. ಬೇರು ಕಪ್ಪಾಗಿ, ಮೆತ್ತಗಾಗಿ, ಕೆಟ್ಟ ವಾಸನೆ ಬರುತ್ತಿದೆಯೆ? ಮುಟ್ಟಿದರೆ ಸಿಪ್ಪೆ ಕಳಚಿ ಬರುತ್ತದೆಯೆ? ಹಾಗಿದ್ದರೆ ಇದು ಬೇರುಕೊಳೆ. ಇದಕ್ಕೆ ಮುಖ್ಯ ಕಾರಣ ಗುಂಡಿಯಲ್ಲಿ ನೀರು ನಿಲ್ಲುವುದು. ಬೇರೂ ನಮ್ಮಂತೆಯೇ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ಅದಕ್ಕೆ ಆಮ್ಲಜನಕ ಸಿಗುತ್ತದೆ. ಆ ಜಾಗದಲ್ಲೆಲ್ಲ ನೀರು ತುಂಬಿದರೆ ಕಷ್ಟ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ! ಉಸಿರು ಕಟ್ಟಿದ ಬೇರು ಸಾಯುತ್ತದೆ. ಅದರ ಮೇಲೆ ಶಿಲೀಂಧ್ರಗಳು ದಾಳಿ ಮಾಡುತ್ತವೆ. ಬೇರು ಸತ್ತ ಮೇಲೆ ನೀರನ್ನು ಹೀರುವವರು ಯಾರು? ಆದ್ದರಿಂದ ನೀರಿನಲ್ಲೇ ನಿಂತಿದ್ದರೂ ಗಿಡದ ಎಲೆಗಳು ಬಾಡುತ್ತವೆ. ಅದನ್ನು ಕಂಡು ನಾವು "ಪಾಪ, ನೀರು ಸಾಲದು" ಎಂದು ಇನ್ನೊಂದು ಕೊಡ ಸುರಿಯುತ್ತೇವೆ!

2. ಬೇರುಗಳ ಮೇಲೆ ಗಂಟುಗಳಿವೆಯೆ? ಇದು ಬೇರುಗಂಟು ಜಂತುಹುಳುವಿನ ಕೆಲಸವಿರಬಹುದು. ಈ ಹುಳು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಬೇರಿನೊಳಗೆ ಸೇರಿಕೊಂಡು ಆಹಾರ ಹೀರುತ್ತದೆ. ಅವರೆ, ಹೆಸರು, ಶೇಂಗಾ ಗಿಡಗಳ ಬೇರಿನಲ್ಲೂ ಗಂಟುಗಳಿರುತ್ತವೆ. ಆದರೆ ಅವು ಸಾರಜನಕ ಸ್ಥಿರೀಕರಿಸುವ ಉಪಕಾರಿ ಬ್ಯಾಕ್ಟೀರಿಯಗಳ ಮನೆಗಳು. ವ್ಯತ್ಯಾಸ ತಿಳಿಯುವುದು ಸುಲಭ. ಉಪಕಾರಿ ಗಂಟು ಬೇರಿನ ಪಕ್ಕಕ್ಕೆ ಅಂಟಿದಂತಿದ್ದು, ಬೆರಳಿನಿಂದ ಉಜ್ಜಿದರೆ ಉದುರುತ್ತದೆ. ಜಂತುಹುಳುವಿನ ಗಂಟೆಂದರೆ ಬೇರೇ ಊದಿಕೊಂಡಿರುವುದು. ಉಜ್ಜಿದರೆ ಅದು ಬಿಡಿಸಿ ಬರುವುದಿಲ್ಲ.

3. ಬೇರುಗಳು ಉಂಡೆಯಂತೆ ಸುತ್ತಿಕೊಂಡಿವೆಯೆ? ಮಣ್ಣಿನಲ್ಲಿ ಕಪ್ಪು ಪಾಲಿಥೀನ್ ಚೀಲ ಸಿಕ್ಕಿತೆ? ಸಸಿಯನ್ನು ನೆಡುವಾಗ ಚೀಲವನ್ನು ತೆಗೆಯದೆ ನೆಟ್ಟಿದ್ದಾರೆ. ಹೊರಗೆ ಹರಡಲು ದಾರಿಯಿಲ್ಲದೆ ಬೇರು ಒಳಗೊಳಗೇ ಸುತ್ತಿದೆ. ಗಿಡ ದೊಡ್ಡದಾದಂತೆ ಅದಕ್ಕೆ ಬೇಕಾದಷ್ಟು ನೀರು, ಲವಣ ಸಿಗದೆ ಹೋಗಿದೆ.

4. ಬೇರು ಚೆನ್ನಾಗಿಯೇ ಇದ್ದು ಕಾಂಡದ ಸುತ್ತ ಆಳವಾದ ಗಾಯವಿದೆಯೆ? ಬಟ್ಟೆ ಒಣಗಿಸುವ ತಂತಿಯನ್ನೋ ಬಿಗಿಯಾದ ಹಗ್ಗವನ್ನೋ ಗಿಡಕ್ಕೆ ಕಟ್ಟಿದ್ದರೆ ಹೀಗಾಗುತ್ತದೆ. ಎಲೆಯಲ್ಲಿ ತಯಾರಾದ ಆಹಾರವು ತೊಗಟೆಯ ಒಳಪದರವಾದ ಫ್ಲೋಯಂ ಮೂಲಕ ಬೇರಿಗೆ ಹೋಗುತ್ತದೆ. ಕಾಂಡ ದಪ್ಪವಾದಂತೆ ತಂತಿ ತೊಗಟೆಯನ್ನು ಕತ್ತರಿಸುತ್ತದೆ. ಒಳಗಿನ ಕ್ಸೈಲಂ ನೀರನ್ನು ಮೇಲಕ್ಕೆ ಸಾಗಿಸುತ್ತಲೇ ಇರುವುದರಿಂದ ಎಲೆಗಳು ಕೆಲಕಾಲ ಹಸಿರಾಗಿರುತ್ತವೆ. ಆದರೆ ಬೇರು ಉಪವಾಸದಿಂದ ಸಾಯುತ್ತದೆ. ಅದರ ಹಿಂದೆಯೇ ಗಿಡವೂ ಸಾಯುತ್ತದೆ.

5. ಗೆದ್ದಲು ಕಂಡಿತೆ? ಕೂಡಲೇ "ಗೆದ್ದಲೇ ಗಿಡವನ್ನು ಕೊಂದಿತು" ಎಂದು ತೀರ್ಪು ಕೊಡಬೇಡಿ. ಗೆದ್ದಲುಗಳ ಮುಖ್ಯ ಆಹಾರ ಸತ್ತ ಮರದ ಸೆಲ್ಯುಲೋಸ್. ಬೇರೆ ಕಾರಣದಿಂದ ಸತ್ತ ಬೇರನ್ನು ತಿನ್ನಲು ಅವು ಆಮೇಲೆ ಬಂದಿರಬಹುದು. ಎಳೆಯ ಸಸಿಗಳನ್ನೂ ಬಳಲಿದ ಗಿಡಗಳನ್ನೂ ಕೆಲವು ಜಾತಿಯ ಗೆದ್ದಲುಗಳು ಕಡಿಯುವುದು ನಿಜ. ಆದರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೊದಲು ಆದದ್ದು ಯಾವುದು? ಸಾವೋ, ಗೆದ್ದಲೋ? ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ವಿಜ್ಞಾನಿಗಳು ಯಾವಾಗಲೂ ಈ ಎಚ್ಚರ ವಹಿಸುತ್ತಾರೆ.

ನಿಮಗೆ ಗೊತ್ತೆ? ಬಿಳಿ ಹಿಟ್ಟಿನ ಶತ್ರು

ದಾಸವಾಳದ ಚಿಗುರಿನಲ್ಲಿ ಹತ್ತಿಯಂಥ ಬಿಳಿ ಪುಡಿ, ಸುತ್ತ ಓಡಾಡುವ ಇರುವೆಗಳನ್ನು ನೋಡಿದ್ದೀರಾ? ಅವು ಹಿಟ್ಟು ತಿಗಣೆಗಳು. ಗಿಡದ ರಸ ಹೀರಿ ಸಿಹಿಯಾದ ಅಂಟು ದ್ರವವನ್ನು ಹೊರಹಾಕುತ್ತವೆ. ಇರುವೆಗಳು ಬರುವುದು ಅದನ್ನು ನೆಕ್ಕಲು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಪಪ್ಪಾಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಪತ್ತೆಯಾಯಿತು. ಅಲ್ಲಿಂದ ಹರಡಿ ಪಪ್ಪಾಯ, ಹಿಪ್ಪುನೇರಳೆ, ದಾಸವಾಳ ಮುಂತಾದ ಅನೇಕ ಗಿಡಗಳನ್ನು ಕಾಡಿತು. ಔಷಧಿ ಸಿಂಪಡಿಸಿದರೂ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊರಿಕೊದಿಂದ ಅತಿ ಚಿಕ್ಕ ಪರಾವಲಂಬಿ ಕಣಜಗಳನ್ನು ತರಿಸಿ, ಸಾಕಿ, ತೋಟಗಳಲ್ಲಿ ಬಿಡಿಸಿದರು. ಈ ಕಣಜ ತಿಗಣೆಯ ದೇಹದೊಳಗೆ ಮೊಟ್ಟೆಯಿಡುತ್ತದೆ. ಮರಿ ತಿಗಣೆಯನ್ನು ಒಳಗಿನಿಂದಲೇ ತಿಂದು ಹೊರಬರುತ್ತದೆ. ಹೀಗೆ ಆ ಪಿಡುಗು ಹತೋಟಿಗೆ ಬಂತು. ಸಿಕ್ಕಸಿಕ್ಕ ಕೀಟನಾಶಕ ಸಿಂಪಡಿಸಿದರೆ ಇಂಥ ಮಿತ್ರಕೀಟಗಳೂ ಸಾಯುತ್ತವೆ ಎಂಬುದನ್ನು ನೆನಪಿಡಿ.

ಗುಂಡಿಗೂ ಪರೀಕ್ಷೆ

ಗಿಡದ ತನಿಖೆ ಮುಗಿಯಿತು. ಈಗ ಗುಂಡಿಯ ಸರದಿ.

ನೀರಿನ ಪರೀಕ್ಷೆ: ಗುಂಡಿಯ ತಳದಲ್ಲಿ 30 ಸೆಂ.ಮೀ. ಆಳದ ಸಣ್ಣ ಕುಳಿ ತೋಡಿ. ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ, ಒಂದು ಕೋಲನ್ನು ನಿಲ್ಲಿಸಿ ನೀರಿನ ಮಟ್ಟವನ್ನು ಗುರುತು ಮಾಡಿ. ಒಂದು ಗಂಟೆಯ ನಂತರ ನೀರು ಎಷ್ಟು ಇಳಿದಿದೆ ಎಂದು ಅಳತೆಪಟ್ಟಿಯಿಂದ ಅಳೆಯಿರಿ. 2.5 ಸೆಂ.ಮೀ.ಗಿಂತ ಕಡಿಮೆ ಇಳಿದಿದ್ದರೆ ಆ ಜಾಗದಲ್ಲಿ ನೀರು ಬಸಿದುಹೋಗುವುದಿಲ್ಲ ಎಂದು ಅರ್ಥ. ಅಲ್ಲಿ ದಾಸವಾಳ ಮತ್ತೆ ಕೊಳೆಯುತ್ತದೆ. ಮಣ್ಣನ್ನು ಏರಿಸಿ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು, ಇಲ್ಲವೆ ಗಿಡವನ್ನೇ ಬದಲಾಯಿಸಬೇಕು. ನಮ್ಮ ಹಿರಿಯರು ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸುಗಳನ್ನು ನೆಡುತ್ತಿದ್ದರು. ಜಾಗಕ್ಕೆ ತಕ್ಕ ಗಿಡವನ್ನು ಆರಿಸುವುದೆಂದರೆ ಇದೇ.

ನಿಂಬೆರಸದ ಪರೀಕ್ಷೆ: ಗೋಡೆಯ ಪಕ್ಕದ ಮಣ್ಣಿನಲ್ಲಿ ಮನೆ ಕಟ್ಟಿದಾಗ ಉಳಿದ ಗಾರೆ, ಸಿಮೆಂಟಿನ ಚೂರುಗಳು ಸೇರಿರುತ್ತವೆ. ಒಣಗಿದ ಒಂದು ಚಮಚ ಮಣ್ಣಿನ ಮೇಲೆ ನಿಂಬೆರಸ ಹಿಂಡಿ. ಬುರುಬುರು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣದ ಕಾರ್ಬೊನೇಟ್ ಇದೆ. ಆಮ್ಲದೊಂದಿಗೆ ಅದು ವರ್ತಿಸಿ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಅದು ನೀರಿನಲ್ಲಿ ಕರಗದ್ದರಿಂದ ಬೇರಿಗೆ ದಕ್ಕುವುದಿಲ್ಲ. ಆಗ ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿರುತ್ತವೆ. ಚೂರುಗಳನ್ನೆಲ್ಲ ಆರಿಸಿ, ಗುಂಡಿಗೆ ಬೇರೆ ಕಡೆಯ ಒಳ್ಳೆಯ ಮಣ್ಣನ್ನು ತುಂಬಬೇಕು.

ಕಿತ್ತ ಗಿಡವನ್ನು ಏನು ಮಾಡುವುದು?

ರೋಗವಿಲ್ಲದ ಎಲೆ, ಸಣ್ಣ ಕಡ್ಡಿಗಳನ್ನು ತುಂಡರಿಸಿ ಗೊಬ್ಬರದ ಗುಂಡಿಗೆ ಹಾಕಿ. ಕೊಳೆತ ಬೇರು ಅಥವಾ ಗಂಟುಬೇರನ್ನು ಮಾತ್ರ ಅಲ್ಲಿಗೆ ಹಾಕಬೇಡಿ. ಹಾಕಿದರೆ ಗೊಬ್ಬರದ ಜೊತೆ ರೋಗವೂ ಇಡೀ ತೋಟಕ್ಕೆ ಹರಡೀತು. ಅದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಮನೆಯವರು ಸೌದೆಯಾಗಿ ಬಳಸಬಹುದು. ಅಗೆಯಲು ಬಳಸಿದ ಗುದ್ದಲಿ, ಸಲಿಕೆಗಳನ್ನೂ ತೊಳೆದು ಒಣಗಿಸಿ.

ಒಣಗಿದ್ದು ಕಣಗಿಲೆಯಾದರೆ ವಿಶೇಷ ಎಚ್ಚರ ಬೇಕು. ಕಣಗಿಲೆಯ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಒಣಗಿದ ಮೇಲೂ ವಿಷ ಹೋಗುವುದಿಲ್ಲ. ಅದನ್ನು ಸುಡಬಾರದು, ಹೊಗೆಯೂ ಅಪಾಯಕಾರಿ. ಅದರ ಕಡ್ಡಿಯಿಂದ ಹಲ್ಲುಜ್ಜುವುದು, ಅಡುಗೆ ಕೆದಕುವುದು ಬೇಡ. ದನ, ಆಡುಗಳ ಬಾಯಿಗೆ ಸಿಗದಂತೆ ಆಳವಾಗಿ ಹೂಳಬೇಕು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.

ಗುಂಡಿಗೆ ಬಿಸಿಲ ಸ್ನಾನ

ಗಿಡ ಕೀಳಲು ಮಾರ್ಚ್ ಅಥವಾ ಏಪ್ರಿಲ್ ಒಳ್ಳೆಯ ಕಾಲ. ಮುಂದಿನ ಕೆಲಸಕ್ಕೆ ಬೇಸಿಗೆಯ ಬಿಸಿಲು ಪುಕ್ಕಟೆಯಾಗಿ ಸಿಗುತ್ತದೆ. ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿ ಇರುವಂತೆ ಗುಂಡಿ ತೋಡಿ. ಮೇಲಿನ ಅರ್ಧದ ಮಣ್ಣನ್ನು ಒಂದು ಕಡೆ, ಕೆಳಗಿನ ಅರ್ಧದ ಮಣ್ಣನ್ನು ಇನ್ನೊಂದು ಕಡೆ ಹಾಕಿ. ಕೈಗೆ ಸಿಕ್ಕ ಹಳೆಯ ಬೇರಿನ ತುಂಡುಗಳನ್ನೆಲ್ಲ ಆರಿಸಿ ತೆಗೆಯಿರಿ.

ರೋಗವಿದ್ದ ಗುಂಡಿಯಾದರೆ ಮಣ್ಣನ್ನು ನೆಲದ ಮೇಲೆ ತೆಳುವಾಗಿ ಹರಡಿ, ನೀರು ಚಿಮುಕಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ. ಗಾಳಿ ಆಡದಂತೆ ಅಂಚುಗಳಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಬಿಸಿಲು ಹಾಳೆಯನ್ನು ದಾಟಿ ಮಣ್ಣನ್ನು ಕಾಯಿಸುತ್ತದೆ. ಆ ಶಾಖ ಹೊರಗೆ ಹೋಗದೆ ಉಳಿಯುತ್ತದೆ. ರೋಗದ ಶಿಲೀಂಧ್ರ, ಜಂತುಹುಳು, ಕಳೆಬೀಜಗಳಲ್ಲಿ ಹೆಚ್ಚಿನವು ಸಾಯುತ್ತವೆ. ಈ ವಿಧಾನವನ್ನು ಇಸ್ರೇಲಿನ ವಿಜ್ಞಾನಿ ಯಾಕೋವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ನಮ್ಮ ರೈತರು ಮಾಗಿ ಉಳುಮೆ ಮಾಡಿ ಹೊಲದ ಮಣ್ಣನ್ನು ಬಿಸಿಲಿಗೆ ಒಡ್ಡುವುದರ ಹಿಂದೆಯೂ ಇಂಥದೇ ತಿಳಿವಳಿಕೆಯಿದೆ.

ಗುಂಡಿ ತುಂಬುವುದು

ಮೇ ಕೊನೆಯಲ್ಲಿ ಗುಂಡಿ ತುಂಬಿ. ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಬಿಸಿಲಿನಲ್ಲಿ ಉಪಕಾರಿ ಜೀವಿಗಳೂ ಕೆಲವು ಸತ್ತಿರುತ್ತವೆ. ಗೊಬ್ಬರ ಅವುಗಳನ್ನು ಮತ್ತೆ ತಂದುಕೊಡುತ್ತದೆ. ಹಸಿ ಸಗಣಿ ಬೇಡ. ಅದು ಕೊಳೆಯುವಾಗ ಬಿಸಿಯಾಗುತ್ತದೆ, ಗೊಣ್ಣೆಹುಳುಗಳನ್ನೂ ಕರೆತರುತ್ತದೆ.

ಮರದ ಹೊಟ್ಟು, ಕಡ್ಡಿ ಚೂರುಗಳನ್ನು ಗುಂಡಿಯ ಮಣ್ಣಿನಲ್ಲಿ ಬೆರೆಸಬೇಡಿ. ಬರೀ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ಸಾರು ಬೇಕು ಅಲ್ಲವೆ? ಹಾಗೆಯೇ ಕಟ್ಟಿಗೆಯನ್ನು ತಿಂದು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲದ ಜೊತೆ ಸಾರಜನಕವೂ ಬೇಕು. ಕಟ್ಟಿಗೆಯಲ್ಲಿ ಇಂಗಾಲ ಹೇರಳ, ಸಾರಜನಕ ಬಲು ಕಡಿಮೆ. ಆಗ ಅವು ಮಣ್ಣಿನ ಸಾರಜನಕವನ್ನು ಎತ್ತಿಕೊಳ್ಳುತ್ತವೆ. ಎಳೆಯ ಸಸಿ ಸಾರಜನಕವಿಲ್ಲದೆ ಹಳದಿಯಾಗುತ್ತದೆ. ಅದೇ ಕಡ್ಡಿ ಚೂರುಗಳನ್ನು ನೆಲದ ಮೇಲೆ ಹೊದಿಕೆಯಾಗಿ ಹಾಕಿದರೆ ಈ ತೊಂದರೆ ಅಷ್ಟಾಗಿ ಇರುವುದಿಲ್ಲ. ತೇವವೂ ಉಳಿಯುತ್ತದೆ.

ತುಂಬಿದ ಗುಂಡಿಗೆ ನೀರು ಹಾಕಿ ಒಂದು ವಾರ ಬಿಟ್ಟರೆ ಮಣ್ಣು ಕುಸಿದು ಕೂರುತ್ತದೆ. ಕುಸಿದಷ್ಟು ಮಣ್ಣನ್ನು ಮತ್ತೆ ಹಾಕಿ.

ಹೊಸ ಸಸಿ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಂಜೆ ಹೊತ್ತು ಸಸಿ ನೆಡಿ. ಪಾಲಿಥೀನ್ ಚೀಲವನ್ನು ಕತ್ತರಿಸಿ ಪೂರ್ತಿ ತೆಗೆಯಿರಿ. ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸಿ. ಚೀಲದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಕಾಂಡದ ಬುಡ ಮಣ್ಣಿನಲ್ಲಿ ಹೂತುಹೋಗಬಾರದು. ಸುತ್ತ ಒಣ ಎಲೆಗಳ ಹೊದಿಕೆ ಹಾಕಿ, ಆದರೆ ಅದು ಕಾಂಡಕ್ಕೆ ತಾಗದಿರಲಿ. ಆಸರೆಗೆ ಕೋಲು ನೆಟ್ಟರೆ ದಾರವನ್ನು ಸಡಿಲವಾಗಿ ಕಟ್ಟಿ.

ಬೇರುಗಂಟು ಕಂಡಿದ್ದ ಜಾಗವಾದರೆ ಮೊದಲ ವರ್ಷ ಅಲ್ಲಿ ಒತ್ತಾಗಿ ಚೆಂಡು ಹೂವಿನ ಗಿಡ ಬೆಳೆಸಿ. ಅದರ ಬೇರಿನ ರಾಸಾಯನಿಕಗಳು ಜಂತುಹುಳುಗಳನ್ನು ಕಡಿಮೆ ಮಾಡುತ್ತವೆ. ಮುಂದಿನ ವರ್ಷ ದಾಸವಾಳ ನೆಡಬಹುದು. ಅಲ್ಲಿಯವರೆಗೆ ಹಬ್ಬಕ್ಕೆ ಹೂವಂತೂ ಸಿಗುತ್ತದೆ!

ಮಾಡಿ ನೋಡಿ

ನಿಮ್ಮ ಮನೆ ಅಥವಾ ಶಾಲೆಯ ಅಂಗಳದಲ್ಲಿ ಒಣಗಿದಂತೆ ಕಾಣುವ ಒಂದು ಪೊದೆಗಿಡವನ್ನು ಹುಡುಕಿ. ಐದು ಕಡೆ ಕೆರೆಯುವ ಪರೀಕ್ಷೆ ಮಾಡಿ, ಪ್ರತಿಯೊಂದು ಕಡೆಯೂ ನೆಲದಿಂದ ಎಷ್ಟು ಎತ್ತರದಲ್ಲಿದೆ, ಒಳಗಿನ ಬಣ್ಣ ಯಾವುದು ಎಂದು ಪಟ್ಟಿ ಮಾಡಿ. ಗಿಡದ ಹೆಸರು, ಸಾವಿಗೆ ನಿಮ್ಮ ಊಹೆ, ಆ ಊಹೆಗೆ ಸಿಕ್ಕ ಆಧಾರ ಇವನ್ನು ಬರೆಯಿರಿ. ನಿಮ್ಮ ಪಟ್ಟಿಯನ್ನು ಗೆಳೆಯರ ಪಟ್ಟಿಯೊಂದಿಗೆ ಹೋಲಿಸಿ, ಶಿಕ್ಷಕರೊಂದಿಗೆ ಚರ್ಚಿಸಿ.

ಯೋಚಿಸಿ, ಉತ್ತರಿಸಿ

1. ಬುಡದಲ್ಲಿ ಸಾಕಷ್ಟು ನೀರಿದ್ದರೂ ಗಿಡ ಬಾಡುವುದು ಏಕೆ?
2. ಕಾಂಡಕ್ಕೆ ತಂತಿ ಬಿಗಿದ ಗಿಡ ಒಮ್ಮೆಲೇ ಸಾಯದೆ ನಿಧಾನವಾಗಿ ಸಾಯುತ್ತದೆ. ಕಾರಣವೇನು?
3. ಮಣ್ಣಿಗೆ ಬಿಸಿಲ ಸ್ನಾನ ಮಾಡಿಸುವಾಗ ಬಿಳಿ ಬಟ್ಟೆಯ ಬದಲು ಪಾರದರ್ಶಕ ಹಾಳೆಯನ್ನೇ ಏಕೆ ಹೊದಿಸಬೇಕು?
4. ಒಂದು ಗುಂಡಿಯಲ್ಲಿ ಸಾಲಾಗಿ ಮೂರು ಸಸಿಗಳು ಸತ್ತಿವೆ. ಬೇರು ಕೊಳೆತಿಲ್ಲ, ಗಂಟುಗಳಿಲ್ಲ. ಗೋಡೆ ಎರಡು ಅಡಿ ದೂರದಲ್ಲಿದೆ. ಹೊಸ ಎಲೆಗಳು ಮೊದಲು ಹಳದಿಯಾಗಿದ್ದವು. ನೀವು ಮೊದಲು ಯಾವ ಪರೀಕ್ಷೆ ಮಾಡುತ್ತೀರಿ?